ಕಾಂಪೌಂಡರ್ ನಡೆಸಿದ ಯುದ್ಧ

ಕಾಂಪೌಂಡರನ ಹೆಂಡತಿ ಬಿಟ್ಟು ಹೋಗಿದ್ದಳು. ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲೇ ಅವನ ಹಾಸಿಗೆ, ಸ್ಟೌ, ಬ್ಯಾಂಡೇಜಿನ ಬೀರು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಯಾರೋ ರೋಗಿ ಅವನಿಗೆ ಒಂದು ಆಟ ಕಲಿಸಿ, ದಾಳಗಳನ್ನೂ ಬಿಟ್ಟು ಹೋಗಿದ್ದ. ಒಬ್ಬ ಕಥೆ ಹೇಳಬೇಕು. ಉಳಿದವರು ಕಥೆಯೊಳಗಿನ ವೀರರು. ಏನು ಮಾಡುತ್ತೇವೆಂದು ಬಾಯಲ್ಲಿ ಹೇಳಿ ದಾಳ ಉರುಳಿಸಬೇಕು.

ಭಾನುವಾರ ಮಧ್ಯಾಹ್ನ ನಾವು ಮೂವರು ಹೋಗುತ್ತಿದ್ದೆವು. ವೆಲ್ಡಿಂಗ್ ಅಂಗಡಿಯ ನಾನು, ಟೈಲರ್, ಗೋದಾಮಿನಲ್ಲಿ ಮೂಟೆ ಹೊರುವ ಆನೆ. ಆಳು ಅಷ್ಟು ದಪ್ಪ, ಅದಕ್ಕೇ ಆ ಹೆಸರು. ರೋಗಿ ಮಲಗುವ ಬೆಂಚೇ ನಮ್ಮ ಮೇಜು. ಔಷಧಿ ಬಾಟಲಿಯ ಮುಚ್ಚಳಗಳೇ ಸೈನಿಕರು. ಸ್ಟೀಲ್ ಟ್ರೇಯಲ್ಲಿ ದಾಳ ಉರುಳಿಸಿದರೆ ಕತ್ತರಿ ಬಿದ್ದ ಹಾಗೆ ಸದ್ದು.

ಕಾಂಪೌಂಡರ್ ಕಥೆ ಚೆನ್ನಾಗಿ ಹೇಳುತ್ತಿದ್ದ. ಯುದ್ಧ ಮಾತ್ರ ಸಪ್ಪೆ.

"ತಾಗ್ತು, ವೈರಿಗೆ ನಾಲ್ಕು ಅಂಕ ಕಳೀರಿ," ಅನ್ನುತ್ತಿದ್ದ. "ತಾಗಲಿಲ್ಲ. ಮುಂದಿನವರು."

"ಇದೇನ್ ಯುದ್ಧಾನಾ, ಟೋಕನ್ ಕರೆಯೋದಾ?" ಟೈಲರ್ ಆಕಳಿಸಿದ. "ಹಿಂಗಾದ್ರೆ ಮುಂದಿನ ವಾರ ನಾನು ಮನೇಲೇ ಮಲಗ್ತೀನಪ್ಪ."

"ನಂಗೂ ನಿದ್ದೆ ಬರುತ್ತೆ," ಎಂದ ಆನೆ.

ಕಾಂಪೌಂಡರನ ಮುಖ ಸಣ್ಣದಾಯಿತು. ವಾರವಿಡೀ ಅವನಿಗಿದ್ದದ್ದು ಆ ಒಂದು ಮಧ್ಯಾಹ್ನ. ನಾವು ಬರದಿದ್ದರೆ ಗೋಡೆಯ ಜೊತೆ ಮಾತಾಡಬೇಕು.

ಮುಂದಿನ ವಾರ ಅವನು ಬೇರೆಯಾಗಿದ್ದ.

"ಎಲ್ಲಿಗೆ ಹೊಡೀತೀಯ?" ಟೈಲರನನ್ನು ಕೇಳಿದ.

"ಹೊಟ್ಟೆಗೆ. ಭರ್ಜಿ."

ದಾಳ ಉರುಳಿತು. "ತಾಗ್ತು. ಅವನು ಬೀಳಲ್ಲ. ಎರಡೂ ಕೈಲಿ ಹೊಟ್ಟೆ ಹಿಡ್ಕೊಂಡು ಕೂರಕ್ಕೆ ಜಾಗ ಹುಡುಕ್ತಾನೆ. ನನ್ ಚಪ್ಪಲಿ ಎಲ್ಲಿ ಅಂತ ಕೇಳ್ತಾನೆ."

ಟೈಲರ್ ಬಾಯಿ ಬಿಟ್ಟುಕೊಂಡು ಕೂತ. ಆಮೇಲೆ ತೊಡೆ ತಟ್ಟಿದ. "ಇದಪ್ಪಾ ಯುದ್ಧ ಅಂದ್ರೆ!"

ಕಾಂಪೌಂಡರ್ ಮೊದಲು ಹೆದ್ದಾರಿ ಪಕ್ಕದ ದೊಡ್ಡಾಸ್ಪತ್ರೆಯಲ್ಲಿದ್ದವನು. ಅಲ್ಲಿ ಕಂಡದ್ದನ್ನೇ ಕಥೆಗೆ ತಂದು ಹಾಕುತ್ತಿದ್ದ. ವೈರಿಗಳು ಹೆದರಿದರು, ಅತ್ತರು, ಕಾಲು ಹಿಡಿದರು. ಯಾರಿಗೂ ನಿದ್ದೆ ಬರಲಿಲ್ಲ. ಇನ್ನೊಬ್ಬನನ್ನ ಸಾಯಿಸು ಅಂತ ನಾವೇ ಕೇಳುತ್ತಿದ್ದೆವು.

ಒಂದು ಭಾನುವಾರ ಆನೆ ಕಲ್ಲು ತುಂಬಿದ ಗಾಡಿಯನ್ನು ವೈರಿಯ ಮೇಲೆ ತಳ್ಳಿದ. ದಾಳ ಪೂರ್ತಿ ಅವನ ಕಡೆ ಬಿತ್ತು. ಕಾಂಪೌಂಡರ್ ದನಿ ತಗ್ಗಿಸಿದ.

"ಗಾಡಿ ಸೊಂಟದ ಮೇಲಿದೆ. ನೋವಿಲ್ಲ ಅಂತಾನೆ. ನನ್ ಕಾಲು ಇದೆಯಾ ನೋಡಿ ಅಂತಾನೆ. ಸಾಯಲ್ಲ. ಹೊತ್ತು ಮುಳುಗೋವರೆಗೂ ಕರೀತಾನೆ, ಗುಬ್ಬೀ, ಬಾರೋ, ಗುಬ್ಬೀ..."

ಟೈಲರ್ ನಕ್ಕ. "ಸಾಯೋ ಹೊತ್ತಲ್ಲಿ ಗುಬ್ಬಿ ಯಾಕಪ್ಪ ಅವನಿಗೆ?"

"ಯಾರಿಗ್ಗೊತ್ತು. ಮಗ ಇರಬೇಕು ಅಂತ ವಾರ್ಡಲ್ಲಿ ಅಂದ್ಕೊಂಡಿದ್ವಿ."

"ನಾನು," ಎಂದ ಆನೆ.

ಟೈಲರ್ ಇನ್ನೂ ನಗುತ್ತಲೇ ಇದ್ದ.

"ನಮ್ಮಣ್ಣ ಒಬ್ಬನೇ ನನ್ನ ಗುಬ್ಬಿ ಅಂತಿದ್ದ. ಲಾರಿ ಅಡಿ ಸಿಕ್ಕಿದ. ಅಲ್ಲೇ ಹೋಗ್ಬಿಟ್ಟ, ಅವನಿಗೆ ಗೊತ್ತೇ ಆಗಿಲ್ಲ ಅಂತ ಡಾಕ್ಟ್ರು ಹೇಳಿದ್ರು. ನಮ್ಮಮ್ಮ ಈಗಲೂ ಅದನ್ನೇ ಹೇಳ್ಕೊಂಡು ಊಟ ಮಾಡ್ತಾಳೆ."

ಕಾಂಪೌಂಡರ್ ಮುಚ್ಚಳಗಳನ್ನು ಬಾಚಿಕೊಳ್ಳತೊಡಗಿದ. "ಕಥೆ ಕಣೋ. ಸುಮ್ನೆ ಹೇಳ್ದೆ."

ಆನೆ ಟ್ರೇ ಮೇಲೆ ಕೈ ಇಟ್ಟ. "ಯುದ್ಧ ಮುಗಿದಿಲ್ಲ. ನೀರು ಕೇಳಿದ್ನಾ?"

"ಬೇಡ ಬಿಡೋ."

"ಕೇಳಿದ್ನಾ?"

"ಕೇಳ್ದ."

"ಕೊಟ್ರಾ?"

"ಕೊಡಬಾರ್ದು ಅಂದಿದ್ರು."

ಟೈಲರೂ ನಾನೂ ಎದ್ದು ಬಂದೆವು. ಮತ್ತೆ ಹೋಗಲಿಲ್ಲ.

ಆನೆ ಒಂದು ವಾರವೂ ತಪ್ಪಿಸುವುದಿಲ್ಲ. ಮೊನ್ನೆ ಭಾನುವಾರ ಕ್ಲಿನಿಕ್ಕಿನ ಗೇಟು ರಿಪೇರಿಗೆ ಹೋಗಿದ್ದೆ. ಹಿಂದಿನ ಕಿಟಕಿ ತೆರೆದಿತ್ತು. ಬೆಂಚಿನ ಮೇಲೆ ಒಂದೇ ಮುಚ್ಚಳ. ಟ್ರೇ ಸದ್ದಾಯಿತು.

"ತಾಗ್ತು," ಎಂದ ಕಾಂಪೌಂಡರ್. ಅವನ ದನಿ ಕೂತುಹೋಗಿತ್ತು. "ಗಾಡಿ ಸೊಂಟದ ಮೇಲಿದೆ."

"ನಿಧಾನಕ್ಕೆ ಹೇಳು," ಎಂದ ಆನೆ. "ಹೋದ ವಾರ ಬೇಗ ಸಾಯಿಸಿಬಿಟ್ಟೆ."