ನೀಲತ್ತಿ ಮಾತಾಡಿಸಲು ಹೋದ ಊರುಗಳು

ಬಟ್ಟೆಗೆ ನುಸಿ ಹಿಡಿಯದಂತೆ ಇಡುವ ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಬಡಿದರೆ ಸಾಕು, ಇಂದಿಗೂ ನನ್ನ ಕಾಲುಗಳು ಚಪ್ಪಲಿ ಹುಡುಕತೊಡಗುತ್ತವೆ. ಬೇರೆಯವರಿಗೆ ಅದು ಹಳೆಯ ಬಟ್ಟೆಯ ವಾಸನೆ ಇರಬಹುದು, ನನಗೆ ಅದು ಊರಿಗೆ ಹೊರಡುವ ವಾಸನೆ. ಮೊನ್ನೆ ಮುಧೋಳದಲ್ಲಿ ಗೆಳತಿಯೊಬ್ಬಳು ಮಗಳ ಮದುವೆಗೆ ತಂದ ಸೀರೆ ತೋರಿಸಲೆಂದು ಕಪಾಟು ತೆರೆದಳು. ಒಳಗಿನಿಂದ ಆ ವಾಸನೆ ಹೊರಟಿತು ನೋಡಿ, ನಾನು ಕುಡಿಯುತ್ತಿದ್ದ ಚಹಾ ಅರ್ಧಕ್ಕೆ ಬಿಟ್ಟು ಎದ್ದು ನಿಂತೆ. "ಯಾಕ ಬೇ, ಹೊಂಟ ಬಿಟ್ಟಿಯಲ್ಲ? ಇನ್ನೂ ಸೀರಿ ತಗದಿಲ್ಲ ನಾ" ಎಂದಳು. ಎಲ್ಲಿಗೆ ಹೊರಟೆ ಅಂತ ನನಗಾದರೂ ಗೊತ್ತಿದ್ದರೆ ತಾನೇ ಹೇಳುವುದು. ಮತ್ತೆ ಕೂತೆ, ಸೀರೆ ನೋಡಿದೆ, ಬಣ್ಣ ಚೆನ್ನಾಗಿದೆ ಅಂದೆ. ಮನಸ್ಸು ಮಾತ್ರ ಆಗಲೇ ಜಮಖಂಡಿಯ ಬಸ್‌ ನಿಲ್ದಾಣದಲ್ಲಿ ನೀಲತ್ತಿಯ ಸೆರಗು ಹಿಡಿದು ನಿಂತಿತ್ತು.

ನೀಲತ್ತಿ ನನ್ನ ತಂದೆಯ ಅಕ್ಕ. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡ ತೀರಿಕೊಂಡು, ತವರಿಗೆ ಮರಳಿ ಬಂದವಳು ಮತ್ತೆ ಎಲ್ಲಿಗೂ ಹೋಗಲಿಲ್ಲ. ಜಮಖಂಡಿಯಲ್ಲಿ ಪೇಟೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ ಇತ್ತು. ಮಣ್ಣಿನ ಮಾಳಿಗೆ, ಎಮ್ಮೆ ಒರಗಿದರೂ ಅಲುಗದಂಥ ಗೋಡೆ, ನಡುಮನೆಯಲ್ಲಿ ಬೆಳಕಿಂಡಿಯಿಂದ ಬೀಳುವ ಒಂದು ಚೌಕ ಬಿಸಿಲು. ಆ ಬಿಸಿಲು ಒಲೆಯ ಕಡೆ ಸರಿದಾಗ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತಿತ್ತು. ಬಡಿಯುವವಳು ಅತ್ತಿ. ಅವಳನ್ನು ಯಾರೂ ಕಷ್ಟಕ್ಕೆ ಹಚ್ಚಿದ್ದಿಲ್ಲ, ಅಪ್ಪ ಒಂದು ದಿನವೂ ದನಿ ಎತ್ತರಿಸಿ ಮಾತಾಡಿದ್ದಿಲ್ಲ, ಅವ್ವ ಅವಳನ್ನು ಕೇಳದೆ ಹಬ್ಬದ ಅಡಿಗೆ ಇಟ್ಟಿದ್ದಿಲ್ಲ. ಆದರೆ ಮನೆಯಿಂದ ಹೊರಗೆ ಕಾಲಿಡಲು ಆಕೆಗೊಂದು ನೆಪ ಬೇಕಾಗಿತ್ತು. ಸಂತೆಗೆ ಅಪ್ಪ ಹೋಗುತ್ತಿದ್ದ, ನೀರು ನಳದಲ್ಲೇ ಬರುತ್ತಿತ್ತು, ಲಗ್ನ ಮುಂಜಿಗಳಿಗೆ ಆಕೆಯನ್ನು ಮುಂದೆ ಕರೆಯುತ್ತಿರಲಿಲ್ಲ. ಒಂದು ಕಡೆ ಕೂತರೆ ಕಾಲಿಗೆ ಜೋಮು ಹಿಡಿಯುವ ಜೀವ ಅದು. ಅಂಥವಳಿಗೆ ಉಳಿದಿದ್ದ ಬಾಗಿಲು ಒಂದೇ. ಸಾವಿನ ಮನೆಗೆ ಹೋಗಿ ಮಾತಾಡಿಸಿ ಬರುವುದು.

ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಬಂಧುಗಳು ಆ ಮನೆಗೆ ಹೋಗಿ ಕೂತು, ಅತ್ತು, ನಾಲ್ಕು ಮಾತಾಡಿ ಬರಬೇಕು. ಅದಕ್ಕೆ ಕರೆಯ ಅಗತ್ಯವಿಲ್ಲ, ಬೇಡ ಅನ್ನುವವರೂ ಇಲ್ಲ. ಹಾಲಿನವನೋ ಬಳೆಗಾರನೋ ಸುದ್ದಿ ಹೇಳಿದ್ದೇ ತಡ, ಅತ್ತಿಯ ಟ್ರಂಕು ತೆರೆಯುತ್ತಿತ್ತು. ಡಾಂಬರು ಗುಳಿಗೆಗಳ ನಡುವಿನಿಂದ ಆ ಒಂದೇ ಕಡುನೀಲಿ ಇಳಕಲ್ ಸೀರೆ ಹೊರಬರುತ್ತಿತ್ತು. ಅಪ್ಪ ಕಚೇರಿಗೆ ಹೊರಟವನು ತಿರುಗಿ ಕೇಳುತ್ತಿದ್ದ, "ಅಲ್ಲ ಅಕ್ಕಾ, ಅವರು ನಮಗೇನಾಗಬೇಕು?" ಅತ್ತಿ ನೆರಿಗೆ ಹಿಡಿಯುತ್ತಲೇ ಉತ್ತರ ಕೊಡುತ್ತಿದ್ದಳು. "ನಮ್ಮವ್ವನ ಸ್ವಾದರಮಾವನ ಬೀಗರ ಪೈಕಿ. ಹಂಗ ಬಿಡಾಕ ಬರ್ತೈತೇನು? ನಾಳೆ ಜನ ನಿನ್ನ ಅಂತಾರು, ನನ್ನಲ್ಲ." ಅಪ್ಪ ಆ ಲೆಕ್ಕ ಬಿಡಿಸುವಷ್ಟರಲ್ಲಿ ನಾವು ಓಣಿ ದಾಟಿರುತ್ತಿದ್ದೆವು. ಒಬ್ಬಳೇ ಹೋಗಬಾರದೆಂದು ಜೊತೆಗೆ ನಾನು, ನನ್ನ ಕೈಯಲ್ಲಿ ರೊಟ್ಟಿ ಝುಣಕದ ಬುತ್ತಿ. ಸಾವಿನ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲವಲ್ಲ, ಅವರಿಗಾಗಿ. ಎಷ್ಟೇ ಹಸಿವಾದರೂ ಆ ಗಂಟಿಗೆ ನಾವು ಕೈ ಹಚ್ಚುವಂತಿರಲಿಲ್ಲ.

ಹೀಗೆ ನಾನು ನಮ್ಮ ಸೀಮೆ ಕಲಿತದ್ದು ಸತ್ತವರಿಂದ. ಹುನ್ನೂರು ದಾಟಿ ಬನಹಟ್ಟಿಗೆ ಹೋದರೆ ಅತ್ತಿ ಯಾರನ್ನೂ ಮನೆ ಕೇಳುತ್ತಿರಲಿಲ್ಲ. ಓಣಿಯ ಬಾಯಲ್ಲಿ ನಿಂತು ಕಿವಿಗೊಡುತ್ತಿದ್ದಳು. ಮಗ್ಗಗಳು ಖಟಪಟ ಖಟಪಟ ಅನ್ನುತ್ತ ಓಣಿಯನ್ನೇ ಅಲುಗಿಸುತ್ತಿರುವಾಗ ಒಂದು ಮನೆಯಷ್ಟೇ ಸುಮ್ಮನಿರುತ್ತಿತ್ತು. "ಅದ ನೋಡು, ನಡಿ" ಅನ್ನುತ್ತಿದ್ದಳು. ಬೀಳಗಿ ಕಡೆ ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಡೆಯಾದ ಹಳ್ಳಿಯವರು ಹಳೆಯ ಮನೆಯ ಬಾಗಿಲು, ತೊಲೆ ಬಿಚ್ಚಿಕೊಂಡು ಬಂದು ಹೊಸ ಊರಲ್ಲಿ ಕೂಡಿಸಿದ್ದರು. ಸಣ್ಣ ಸಣ್ಣ ಮನೆಗಳಿಗೆ ಗೌಡರ ವಾಡೆಗಿರುವಂಥ ದೊಡ್ಡ ಬಾಗಿಲು. ಮುಧೋಳದಲ್ಲಿ ಒಂದು ಮನೆಯ ಕಟ್ಟೆಯ ಮೇಲೆ ಉದ್ದ ಮೂತಿಯ ಬೇಟೆನಾಯಿ ಯಜಮಾನನ ಚಪ್ಪಲಿಯ ಹತ್ತಿರ ಮಲಗಿತ್ತು, ಅತ್ತಿ ಅದನ್ನು ದಾಟಿ ಹೋಗಲು ಹೆದರಿ ಕಟ್ಟೆಯ ಕೆಳಗೇ ಅತ್ತು ಮುಗಿಸಿದಳು. ಹಾಡಿಕೊಂಡು ಅಳುವುದರಲ್ಲಿ ಆಕೆಗೆ ಸಮ ಇರಲಿಲ್ಲ. ಹೊಸ್ತಿಲಲ್ಲಿ ಶುರು ಮಾಡಿದರೆ ಎದೆ ಕಿತ್ತು ಬರುವಂತೆ ಅಳುವಳು. ಮರುಗಳಿಗೆಗೆ ಸೆರಗಿನಿಂದ ಮುಖ ಒರೆಸಿಕೊಂಡು, "ಈ ವರ್ಷ ಕಬ್ಬು ಹ್ಯಾಂಗ ಬಂದಾವರಿ? ಸಣ್ಣ ಮಗಗ ಹೆಣ್ಣು ನೋಡಿದ್ರೇನು?" ಎಂದು ಕೇಳುವಳು. ಅಲ್ಲಿಂದ ಎದ್ದ ಮೇಲೆ ನಮ್ಮ ನಿಜವಾದ ತಿರುಗಾಟ. ಇಷ್ಟು ದೂರ ಬಂದೀವಿ, ಅದೊಂದು ನೋಡಿ ಹೋಗೋಣ ಅಂದು ಹಿಪ್ಪರಗಿಯಲ್ಲಿ ಬ್ಯಾರೇಜಿನ ಗೇಟಿನಿಂದ ನೊರೆ ಕಾರುವ ಕೃಷ್ಣೆಯನ್ನು, ಬೀಳಗಿಯಲ್ಲಿ ಕಲ್ಲಿನ ಹಳೆಯ ಬಾವಿಯನ್ನು ಆಕೆ ಕಣ್ಣು ಪಿಳುಕಿಸದೆ ನೋಡುತ್ತಿದ್ದಳು. ತಮಾಷೆ ಎಂದರೆ ಜಮಖಂಡಿಯಲ್ಲೇ ಇದ್ದು, ಗುಡ್ಡದ ಮೇಲಿನ ಅರಮನೆಯನ್ನು ಆಕೆ ಹತ್ತಿರದಿಂದ ನೋಡಿರಲಿಲ್ಲ. "ಅಲ್ಲಿ ನಮ್ಮವರು ಯಾರು ಸತ್ತಾರ ಬೇ?" ಅನ್ನುತ್ತಿದ್ದಳು.

ಎಲ್ಲವೂ ಕೆಟ್ಟದ್ದು ಸಾವಳಗಿಯಲ್ಲಿ. ಬಸಲಿಂಗಪ್ಪಜ್ಜ ಹೋದನೆಂದು ಸುದ್ದಿ ಬಂತು. ಅಜ್ಜ ನಮ್ಮ ತಾತನ ಗೆಳೆಯ, ಹೋಗಲೇಬೇಕಾದ ಮನೆ. ಬಸ್ಸಿಳಿದು ಅವರ ಓಣಿ ತಿರುಗುತ್ತಲೇ ಅತ್ತಿ ಸೆರಗು ಬಾಯಿಗಿಟ್ಟುಕೊಂಡು ಹಾಡತೊಡಗಿದಳು. "ಯಪ್ಪಾ, ದಾನದ ಕೈ ಮಡಚಿದೆಲ್ಲೋ, ಓಣ್ಯಾಗಿನ ಜಗಳಾ ಇನ್ನ ಯಾರ ಬಗಿಹರಸ್ತಾರೋ, ನಿನ್ನ ಬಿಳಿ ಎತ್ತು ಯಾರ ಕೈ ನೋಡಬೇಕೋ..." ಕಟ್ಟೆಯ ಮೇಲೆ ಒಬ್ಬ ಮುದುಕ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದ. ಹಚ್ಚುವುದು ನಿಲ್ಲಿಸಿ ಪೂರ್ತಿ ಕೇಳಿದ. ಅತ್ತಿ ತಲೆಯೆತ್ತಿ ನೋಡಿದಳು. ಬಸಲಿಂಗಪ್ಪಜ್ಜನೇ! ತೀರಿಕೊಂಡವನು ಅದೇ ಊರಿನ, ಅದೇ ಹೆಸರಿನ ಬೇರೊಬ್ಬ. ನನಗೆ ಭೂಮಿ ಬಾಯಿ ತೆರೆಯಬಾರದೇ ಅನ್ನಿಸಿತು. ಅಜ್ಜ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ. "ಯಾಕ ನಿಂದರಿಸಿದಿ ಮಗಳ? ಪೂರಾ ಮಾಡು. ಖರೆ ಹ್ವಾದಾಗ ಕೇಳಾಕ ನಾ ಇರೂದಿಲ್ಲ" ಎಂದ. ಅತ್ತಿಗೂ ನಗು ತಡೆಯಲಾಗಲಿಲ್ಲ. ಅಂದು ನಮಗೆ ಆ ಮನೆಯಲ್ಲಿ ಶೀಕರಣಿಯ ಸಿಹಿಯೂಟ. ಅಷ್ಟು ಜೋರಾಗಿ ನಕ್ಕ ಅತ್ತಿಯನ್ನು ನಾನು ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಅಜ್ಜನ ಹಿರಿಯ ಮಗ ನಗಲಿಲ್ಲ. ಬದುಕಿದ್ದವನ ಬಾಗಿಲಲ್ಲಿ ಹಾಡಿ ಅತ್ತದ್ದು ಅಪಶಕುನ ಎಂದು ಆತನ ತಲೆಯಲ್ಲಿ ಕೂತುಬಿಟ್ಟಿತು. ಅಪ್ಪ ಗುಮಾಸ್ತನಾಗಿದ್ದ ಕಚೇರಿಗೆ ಬಂದು, ನಾಲ್ಕು ಜನರೆದುರು, "ನಿಮ್ಮಕ್ಕಗ ಹೆಣಾ ಹುಡುಕೂದ ಒಂದು ಚಟಾ ಆಗೇತೇನ್ರಿ? ಮನ್ಯಾಗ ಇಟ್ಕೋರಿ" ಎಂದು ಹೋದ. ಮರ್ಯಾದೆಗೆ ಅಂಜುವ ಮನುಷ್ಯ ನನ್ನಪ್ಪ. ಸಂಜೆ ಚಪ್ಪಲಿಯನ್ನೂ ಬಿಡದೆ ಪಡಸಾಲೆಯಲ್ಲಿ ನಿಂತು ಹೇಳಿದ. "ಅಕ್ಕಾ, ಸಾಕು. ಇನ್ನ ಮ್ಯಾಲ ಎಲ್ಲಿ ಹೋಗೂದಿದ್ರೂ ನಾ ಹೋಗ್ತೀನಿ." ಅತ್ತಿ, "ಹಂಗ ಆಗಲಿ ತಮ್ಮಾ" ಅಂದು ಹಿಟ್ಟು ನಾದಲು ಕೂತಳು. ನನಗೆ ಅಪ್ಪನ ಮೇಲೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಅದು ಬಹಳ ವರ್ಷ ಇಳಿಯಲೂ ಇಲ್ಲ.

ಆಮೇಲಿನ ಅತ್ತಿ ಮನೆಯೊಳಗೇ ನಡೆಯುತ್ತಿದ್ದಳು. ಹಿತ್ತಲಿನಿಂದ ತಲೆಬಾಗಿಲಿಗೆ, ತಲೆಬಾಗಿಲಿನಿಂದ ಹಿತ್ತಲಿಗೆ. ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ "ಯಾವೂರಾತು? ಮಳಿ ಆತೇನು ಆ ಕಡಿ?" ಎಂದು ಕೇಳುವಳು. ಮನೆಗೆ ಫೋನು ಬಂತು. ಯಾರಾದರೂ ತೀರಿಕೊಂಡರೆ ಅಪ್ಪ ಫೋನಿನಲ್ಲೇ ಎರಡು ಮಾತಾಡಿ ಇಡುತ್ತಿದ್ದ, ಅತ್ತಿ ಅಡಿಗೆಮನೆಯಲ್ಲಿ ಲಟ್ಟಣಿಗೆ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದಳು. ಅಪ್ಪನ ತಮ್ಮಂದಿರು ಪಾಲು ಕೇಳಿ ಹಳೆಯ ಮನೆ ಮಾರಿಹೋಯಿತು. ಅಲ್ಲೀಗ ಮೊಬೈಲ್ ಅಂಗಡಿಗಳ ಸಾಲು, ಬೆಳಕಿಂಡಿ ಇದ್ದ ಜಾಗದಲ್ಲಿ ಹಗಲೆಲ್ಲ ಟ್ಯೂಬ್‌ಲೈಟು. ನಾವು ಊರಾಚೆಯ ಹೊಸ ಪ್ಲಾಟಿಗೆ ಬಂದೆವು. ಅವ್ವ ತೀರಿಕೊಂಡಳು. ನಾನು ಮುಧೋಳದ ಸಾಲೆಯಲ್ಲಿ ಶಿಕ್ಷಕಿಯಾದೆ, ಕಾರು ಕೊಂಡೆ. ಕೊಂಡ ವಾರವೇ ಅತ್ತಿಯ ಮುಂದೆ ಕೀಲಿ ಕುಣಿಸಿ, "ನಡಿ ಅತ್ತಿ, ಬೀಳಗಿಗೆ ಹೋಗೂಣು" ಅಂದೆ.

"ಯಾರು ಹೋದರು?" ಎಂದಳು.

"ಯಾರೂ ಇಲ್ಲ. ಸುಮ್ಮನ, ತಿರಗ್ಯಾಡಾಕ."

"ಸುಮ್ಮನ ಹ್ಯಾಂಗ ಹೋಗೂದು? ಅಷ್ಟ ದೂರ ಸುಮ್ಮನ ಹೋಗಾಕ ನಾವೇನು ಗಾಳಿಯೇನು?" ಅಂದು ನಕ್ಕು, ಮತ್ತೆ ಬಾಗಿಲ ಕಡೆ ನಡೆದಳು. ಎಷ್ಟು ಸಲ ಕರೆದರೂ ಅದೇ ಮಾತು. ಆಕೆಗೆ ಹೋಗುವ ಆಸೆ ಸತ್ತಿರಲಿಲ್ಲ, ಆದರೆ ನೆಪವಿಲ್ಲದೆ ಹೊಸ್ತಿಲು ದಾಟುವುದು ಆಕೆಗೆ ಬರುತ್ತಲೇ ಇರಲಿಲ್ಲ. ಅದನ್ನು ನೋಡುವುದು ನನಗೆ ಅಸಹನೀಯವಾಗಿತ್ತು.

ಅಷ್ಟರಲ್ಲಿ ಅಪ್ಪನೂ ನಿವೃತ್ತನಾಗಿ ಮನೆಯಲ್ಲೇ ಇದ್ದ. ಮೊಣಕಾಲು ಹಿಡಿದು, ಅವನ ಲೋಕವೂ ಪಡಸಾಲೆಯಿಂದ ಗೇಟಿನವರೆಗೆ ಬಂದು ನಿಂತಿತ್ತು. ಅಕ್ಕ ಆ ಕಡೆಯಿಂದ, ತಮ್ಮ ಈ ಕಡೆಯಿಂದ, ನಡುವೆ ಒಬ್ಬರಿಗೊಬ್ಬರು ದಾರಿ ಬಿಡುತ್ತ ನಡೆಯುತ್ತಿದ್ದರು. ಒಂದು ರವಿವಾರ ಬೆಳಿಗ್ಗೆ ಅಪ್ಪ ಪೇಪರು ಮಡಚಿಟ್ಟು, ಅತ್ತಿಯ ಮುಖ ನೋಡದೆ ಹೇಳಿದ.

"ಅಕ್ಕಾ, ಬೀಳಗಿಯಾಗ ನಮ್ಮ ಪೈಕಿ ಒಬ್ಬರು ತೀರ್ಕೊಂಡಾರಂತ. ನನಗಂತೂ ಹೋಗಾಕ ಆಗೂದಿಲ್ಲ. ನೀನ ಹೋಗಿ ಮಾತಾಡಿಸಿ ಬಾ."

"ಯಾರಪಾ?"

ಅಪ್ಪ ಕನ್ನಡಕ ತೆಗೆದ, ಹಾಕಿಕೊಂಡ. ಇಡೀ ಆಯುಷ್ಯ ಕಚೇರಿಯಲ್ಲಿ ಸುಳ್ಳು ಕೇಳಿದವನಿಗೆ ಒಂದು ಸುಳ್ಳು ಹೇಳಲು ಬರಲಿಲ್ಲ. "ಅದ... ಹಿರೇರು. ನಿನಗ ಗೊತ್ತಿದ್ದವರ" ಎಂದ. ಫೋನು ಬಂದಿರಲಿಲ್ಲ, ಯಾರೂ ಬಂದು ಹೇಳಿರಲಿಲ್ಲ, ನಾನು ಅಲ್ಲೇ ಇದ್ದೆ. ಅತ್ತಿ ತಮ್ಮನನ್ನು ಬಹಳ ಹೊತ್ತು ನೋಡಿದಳು.

"ವಯಸ್ಸಾಗಿತ್ತೇನು?"

"ಹೂಂ, ಆಗಿತ್ತು."

"ಹಂಗಾದ್ರ ಹೋಗಬೇಕು ಬಿಡು" ಅಂದು ಟ್ರಂಕಿನ ಕಡೆ ಹೊರಟಳು.

ಬುತ್ತಿ ಕಟ್ಟಿಸಿಕೊಂಡೇ ಹೊರಟೆವು. ಬೀಳಗಿಯಲ್ಲಿ ಕಾರು ನಿಧಾನ ಮಾಡಿ, "ಯಾವ ಓಣಿ ಅತ್ತಿ?" ಎಂದೆ. ಕಿಟಕಿಯಿಂದ ಕಣ್ಣು ತೆಗೆಯದೆ "ಮುಂದಕ್ಕ ನಡಿ" ಎಂದಳು. ಮುಂದಕ್ಕೆ ಹೋದೆ. ಕಬ್ಬು ತುಂಬಿದ ಟ್ರ್ಯಾಕ್ಟರುಗಳನ್ನು ದಾಟಿ, ಕೊಲ್ಹಾರದ ಉದ್ದನೆಯ ಸೇತುವೆಯ ಹತ್ತಿರ, ಹಿನ್ನೀರಿನ ದಂಡೆಯಲ್ಲಿ "ಇಲ್ಲೇ ನಿಂದರಿಸು" ಎಂದಳು. ನೀರು ಕಣ್ಣು ಹಾಯುವತನಕ ಇತ್ತು. ಅದರ ಕೆಳಗೆ ತಾನು ಕಂಡ ಹಳ್ಳಿಗಳ ಹೆಸರನ್ನು ಒಂದೊಂದಾಗಿ ಹೇಳಿ, ಯಾರ ಮನೆಯಲ್ಲಿ ಎಂಥ ಮಜ್ಜಿಗೆ ಕೊಟ್ಟರು, ಯಾರ ಅಂಗಳದಲ್ಲಿ ಮಲ್ಲಿಗೆ ಇತ್ತು ಎಂದು ನೆನೆದಳು. ಆಮೇಲೆ ತಾನೇ ಬುತ್ತಿಯ ಗಂಟು ಬಿಚ್ಚಿ, ಒಂದು ರೊಟ್ಟಿ ನನ್ನ ಕೈಗಿಟ್ಟು, ಒಂದನ್ನು ತಾನು ಮುರಿದಳು. "ತಿನ್ನು, ನಮಗ ಕಟ್ಟಿದ್ದಿದು" ಎಂದಳು. ನನಗೆ ಅಳು ಬಂತು. ಆಕೆಗೆ ಹಸಿವಾಗಿತ್ತು, ಮೂರು ರೊಟ್ಟಿ ತಿಂದಳು.

ಮನೆಗೆ ಮರಳಿದಾಗ ಅತ್ತಿ ಮುಂಬಾಗಿಲಿಗೆ ಬರಲಿಲ್ಲ. ಸಾವಿನ ಮನೆಗೆ ಹೋಗಿ ಬಂದವರು ಮೈತೊಳೆಯದೆ ಒಳಗೆ ಬರುವುದಿಲ್ಲ. ಆಕೆ ಸುತ್ತು ಹಾಕಿ ಹಿಂದಿನ ಬಚ್ಚಲಿಗೆ ಹೋದಳು. ಅಲ್ಲಿ ಅಪ್ಪ ಆಗಲೇ ನೀರು ಕಾಯಿಸಿಟ್ಟಿದ್ದ. ಉಟ್ಟ ಸೀರೆಯಲ್ಲೇ ತಲೆಯ ಮೇಲೆ ನೀರು ಸುರಿದುಕೊಂಡಳು. ಹೊರಗೆ ನಿಂತು ಅಪ್ಪ ಕೇಳಿದ, "ಹ್ಯಾಂಗದಾರ ಅಕ್ಕಾ ಮನಿಯವರು?"

"ಆರಾಮ ಅದಾರಪಾ. ನಿನ್ನ ಭಾಳ ಕೇಳಿದರು" ಎಂದಳು ಅತ್ತಿ ಒಳಗಿನಿಂದ. ಅಪ್ಪ ಗೋಡೆಗೆ ಕೈಕೊಟ್ಟು ನಿಂತುಕೊಂಡ. ನನ್ನ ಹಳೆಯ ಸಿಟ್ಟು ಅಲ್ಲಿಗೆ ಮುಗಿಯಿತು.

ಅದು ಅತ್ತಿಯ ಕೊನೆಯ ತಿರುಗಾಟ. ಮರುವರ್ಷ ಆಕೆ ಹೋದಾಗ ಬಂದವರು ಕಡಿಮೆ, ಫೋನುಗಳು ಬಹಳ. ಅಪ್ಪನೂ ಈಗ ಇಲ್ಲ. ಎಲ್ಲಿಗೆ, ಯಾಕೆ ಎಂದು ನನ್ನನ್ನು ಕೇಳುವವರಿಲ್ಲ. ರವಿವಾರ ಬಂದರೆ ಮನೆಯಲ್ಲಿ ನಿಲ್ಲಲಾಗದೆ ಕಾರು ತೆಗೆಯುತ್ತೇನೆ. ಬನಹಟ್ಟಿಯೋ ಹಿಪ್ಪರಗಿಯೋ, ಯಾವುದೋ ಓಣಿಯ ಬಾಯಲ್ಲಿ ಇಳಿದು ನಿಲ್ಲುತ್ತೇನೆ. ಕಟ್ಟೆಯ ಮೇಲಿನ ಹೆಂಗಸು ತಲೆಯೆತ್ತಿ, "ಯಾರ ಮನಿಗೆ ಬಂದೀರವ್ವಾ?" ಎಂದು ಅಕ್ಕರೆಯಿಂದಲೇ ಕೇಳುತ್ತಾಳೆ. ಹೇಳಲು ಒಂದು ಮನೆಯ ಹೆಸರೂ ನೆನಪಾಗದೆ ನಾನು ಅಲ್ಲೇ ನಿಂತಿರುತ್ತೇನೆ.