ರಾಜೇಶ್ವರಿಯ ಪಾಳಿ

ಗುರುವಾರ ಮುಂಜಾನೆ ಬಬಲೇಶ್ವರದಾಗ ರಾಜೇಶ್ವರಿಯ ಹಿಟ್ಟಿನ ಗಿರಣಿ ಬಂದ್ ಆತು. ಕರೆಂಟ್ ಹೋಗಿರಲಿಲ್ಲ, ಬೆಲ್ಟ್ ಹರದಿರಲಿಲ್ಲ. ಆಕಿನಾ ಸ್ವಿಚ್ ಒತ್ತಿ ಬಂದ್ ಮಾಡಿದ್ಲು. ಜೋಳದ ಡಬ್ಬಿ ಮುಂದಿಟ್ಟುಕೊಂಡು ಸಾಲಾಗಿ ಕುಂತಿದ್ದ ಹೆಣ್ಣಮಕ್ಕಳು, "ಯಾಕ್ರೀ ಅಕ್ಕಾರ, ಏನಾತ್ರಿ?" ಅಂದ್ರು. ಆಕಿ ಹಿಟ್ಟಿನ ಕೈಲೇ ಫೋನ್ ಹಿಡಕೊಂಡು ನಿಂತಿದ್ಲು. ನಿನ್ನೆ ಮನಿ ಬ್ಲಾಗಿನಾಗ ತಾನು ಬರದಿದ್ದು ಇವತ್ತ ಇಲ್ಲ. ಮ್ಯಾಲ ಇಲ್ಲ, ಕೆಳಗ ಇಲ್ಲ, ಯಾರೋ ಒರಸಿ ಒಗದಾರ. ಯಾರೋ ಏನು ಬಂತು, ಕೀಲಿ ಇದ್ದದ್ದು ಒಬ್ಬನ ಕೈಯಾಗ.

"ಏನಿಲ್ರೆವಾ, ನಮ್ಮಣ್ಣ ನನ್ನ ನೀರು ಕದ್ದಾನ," ಅಂದ್ಲು.

ಹೆಣ್ಣಮಕ್ಕಳಿಗೆ ತಿಳೀಲಿಲ್ಲ. ನಿಮಗೂ ತಿಳದಿರಲಿಕ್ಕಿಲ್ಲ. ಅದಕ್ಕ ಮೊದಲಿಂದ ಹೇಳ್ತೀನಿ ಕೇಳ್ರಿ.

ಇವರು ನಾಕು ಮಂದಿ ಒಡಹುಟ್ಟಿದವರು. ಊರು ಜೈನಾಪುರ. ಅಪ್ಪ ಶಿವಯೋಗೆಪ್ಪ, ಅವ್ವ ಗೌರಾಬಾಯಿ, ಇಬ್ಬರೂ ಈಗಿಲ್ಲ. ಹಿರಿಯವ ಅರುಣಕುಮಾರ, ವಿಜಯಪುರದ ಗಾಂಧಿ ಚೌಕದ ಹತ್ರ ಅವಂದು ಪೈಪು-ಪಂಪಸೆಟ್ಟಿನ ಅಂಗಡಿ. ಎರಡನೇಕಿ ನಮ್ಮ ರಾಜೇಶ್ವರಿ. ಮೂರನೇದವ ಸಿದ್ದಲಿಂಗೇಶ, ಜೈನಾಪುರದಾಗ ಒಕ್ಕಲತನ ಮಾಡ್ತಾನ. ಭಾಳ ಸಂಭಾವಿತ, ಎತ್ತಿಗೂ 'ರೀ' ಹಚ್ಚಿ ಮಾತಾಡಸೂ ಪೈಕಿ. ಸಣ್ಣಾಕಿ ಶೈಲಶ್ರೀ, ತಿಕೋಟಾದ ಸಾಲ್ಯಾಗ ಟೀಚರ್.

ಅವ್ವ ತೀರಿಕೊಂಡ ಮ್ಯಾಲ ನಾಕೂ ಮಂದಿ ನಾಕು ದಿಕ್ಕಾದ್ರು. ವಾಟ್ಸಾಪಿನಾಗ ಒಂದು ಗ್ರೂಪ್ ಮಾಡಿದ್ರು. ಅದರಾಗ ಗುಲಾಬಿ ಹೂವಿನ ಶುಭೋದಯ ಬಿಟ್ರ ಒಂದು ಮಾತಿಲ್ಲ ಕತಿಯಿಲ್ಲ. ಕಡೀಕ ಶೈಲಶ್ರೀ ತಲಿ ಕೆಟ್ಟು ಒಂದು ಬ್ಲಾಗ್ ತಗದು 'ಜೈನಾಪುರದ ಬಾವಿ' ಅಂತ ಹೆಸರಿಟ್ಲು. ಯಾಕ ಬಾವಿ? ಅಪ್ಪನ ಬಾವಿಯಾಗ ಕಾಕಾಂದೂ ಪಾಲಿತ್ತು. ಹಿಂಗಾಗಿ ನೀರಿಗೆ ಪಾಳಿ. ಇವತ್ತ ಇವರ ಹೊಲಕ್ಕ, ನಾಳೆ ಅವರ ಹೊಲಕ್ಕ. ಒಬ್ಬರ ಪಾಳ್ಯಾಗ ಇನ್ನೊಬ್ಬರು ಕಾಲುವಿಗೆ ಸಲಿಕಿ ಹಚ್ಚಿದ್ರ ಊರಾಗ ತಲಿ ಒಡದ ಹೋಗತಿದ್ವು.

ಅರುಣಕುಮಾರ ಹರೇದಾಗ ಒಮ್ಮೆ ಕಾಕಾನ ಪಾಳ್ಯಾಗ ನೀರು ತನ್ನ ಉಳ್ಳಾಗಡ್ಡಿಗೆ ತಿರಿವಿಕೊಂಡಿದ್ದ. ಅಪ್ಪ ಬೈಯಲಿಲ್ಲ, ಬಡೀಲಿಲ್ಲ. ಮರುದಿನ ತಾನಾ ಸಲಿಕಿ ತಗೊಂಡು ಹೋಗಿ ತನ್ನ ಪಾಳಿ ನೀರು ಕಾಕಾನ ಹೊಲಕ್ಕ ಬಿಟ್ಟ. "ಪಾಳಿ ಮುರದವನ ಪಾಳಿ, ಮುರಿಸಿಕೊಂಡವಂದು," ಅಂದ. ಉಳ್ಳಾಗಡ್ಡಿ ಅರುಣಕುಮಾರನ ಕಣ್ಣೆದುರಿಗೇ ಬಾಡಿ ಮಲಗಿತು.

ಬ್ಲಾಗಿಗೂ ಅದಾ ಪಾಳಿ ಹಚ್ಚಿದ್ರು. ಸೋಮವಾರ ಅರುಣಕುಮಾರಂದು, ಬುಧವಾರ ರಾಜೇಶ್ವರಿದು, ಶುಕ್ರವಾರ ಸಿದ್ದಲಿಂಗೇಶಂದು, ಐತವಾರ ಶೈಲಶ್ರೀದು. "ಅಪ್ಪನ ಬಾವ್ಯಾಗ ಹೆಣ್ಣಮಕ್ಕಳಿಗೆ ಪಾಳಿ ಇದ್ದಿದ್ದಿಲ್ಲ, ಇದರಾಗ ಐತಿ," ಅಂತ ಶೈಲಶ್ರೀ ನಕ್ಕಿದ್ಲು. ಹಿರಿಯವ ಅಂತ ಮರ್ಯಾದಿ ಕೊಟ್ಟು ಬ್ಲಾಗಿನ ಕೀಲಿ, ಅಂದ್ರ ಯಾರ ಬರಹ ಬೇಕಾದ್ರೂ ಅಳಸೂ ಅಧಿಕಾರ, ಅಣ್ಣನ ಕೈಯಾಗ ಇಟ್ರು. ಅವನೂ ಹಿಗ್ಗಿ ಹೀರೇಕಾಯಿ ಆಗಿ, ಮೊದಲನೇ ಬರಹದಾಗ ಆ ಉಳ್ಳಾಗಡ್ಡಿ ಕತಿ ತಾನಾ ಬರದು, 'ಈ ಬಾವಿಗೂ ಅಪ್ಪನ ಕಾನೂನಾ' ಅಂತ ಮುಗಿಸಿದ್ದ.

ಬಾವಿ ಚೊಲೋ ನಡೀತು. ಅಣ್ಣ ಅವ್ವನ ಕೈ ಅಡಗಿ ನೆನಸಿ ಬರದ. ಸಿದ್ದಲಿಂಗೇಶ ಎಮ್ಮಿ ಈದದ್ದು, ತೊಗರಿ ಹೂ ಬಿಟ್ಟದ್ದು ಬರದ. ರಾಜೇಶ್ವರಿಗೆ ಒತ್ತಿ ಒತ್ತಿ ಬರಿಯಾಕ ಬ್ಯಾಸರ; ಗಿರಣಿ ಬಂದ್ ಮಾಡಿ ಫೋನಿಗೆ ಹೇಳತಿದ್ಲು, ಅದು ಬರಕೋತಿತ್ತು. ಗಂಡ ಸತ್ತಾಗ ಗಿರಣಿ ಮಾರು ಅಂದವರಿಗೆ ತಾನು ಏನಂದೆ ಅಂಬೂದನ್ನ ಆಕಿ ಒಂದು ಬುಧವಾರ ಹೇಳಿದ್ಲು. ಅದನ್ನ ಓದಿ ಮಗಳನ್ನ ಕೊಟ್ಟ ಕಳ್ಳಕವಟಗಿಯ ಬೀಗರು ಸುದ್ದಾ ಫೋನ್ ಹಚ್ಚಿ ನಕ್ಕಿದ್ರು.

ಮತ್ತ ಈ ಬುಧವಾರ ಅಂಥಾದ್ದೇನು ಬರದಿದ್ಲು? ಇಷ್ಟ:

"ನಮ್ಮ ಮನಿಯವರು ಹೋಗಿ ಭಾಳ ವರ್ಷಾತು. ಮಗಳು ಮಹಾನಂದಾ ತನ್ನ ಮನ್ಯಾಗ ಆರಾಮ ಅದಾಳ. ನಾ ಮತ್ತ ಲಗ್ನ ಆಗಾಕತ್ತೇನಿ. ಮಹಾನಂದಾನೂ 'ಆಗಬೇ ಯವ್ವಾ' ಅಂದಾಳ. ಅವರ ಹೆಸರು ಮಲ್ಲಿನಾಥ, ಕಳ್ಳಕವಟಗಿಯವರು, ಅವರ ಹೆಂಡ್ತಿನೂ ತೀರಿಕೊಂಡಾಳ. ಗಿರಣಿ ಕಲ್ಲು ಸವದಾಗ ಉಳಿ ಹೊಡಿಯಾಕ ಬರ್ತಾರ. ಗಿರಣಿ ಸದ್ದಿನಾಗ ಎಲ್ಲಾರೂ ನನಗ ಒದರಿ ಹೇಳಿ ಹೋಗತಾರ. ಇವರೊಬ್ಬರು ಗಿರಣಿ ನಿಲ್ಲೂತನಕ ನಿಂತು, ನಾ ಏನು ಹೇಳ್ತೀನಿ ಅಂತ ಕೇಳ್ತಾರ. ನನಗ ಅಷ್ಟ ಸಾಕು. ಲಗ್ನ ಹಾಡಹಗಲೇ, ಗಿರಣಿ ಮುಂದ. ಎಲ್ಲಾರೂ ಊಟಕ್ಕ ಬರ್ರಿ."

ಗುರುವಾರ ಆಕಿ ಫೋನ್ ಹಚ್ಚೂದ್ರಾಗ ಅಣ್ಣಂದಾ ಬಂತು.

"ಅಳಿಸಿದವ ನಾನಾ. ಲಗ್ನ ಬ್ಯಾಡ ಅಂದೇನೇನು ನಾ? ಉಡಿಕಿ ಮಾಡ್ಕೋ. ಹಿಂದಿನವರು ಮಾಡ್ಕೋತಿದ್ದಿಲ್ಲೇನು? ರಾತ್ರಿ ಯಾವುದರೆ ಮಠದಾಗ, ನಾಕು ಮಂದಿ ಮುಂದ. ವಾಲಗ ಬ್ಯಾಡ, ಊಟ ಬ್ಯಾಡ. ಸೀರಿ ಉಡಿಸಿ ಕಳಸ್ತೀವಿ, ಮುಗೀತು."

ಗಂಡ ಸತ್ತಾಕಿ ಮತ್ತ ಲಗ್ನ ಆಗೂದಕ್ಕ ನಮ್ಮ ಕಡೆ ಉಡಿಕಿ ಅಂತಾರ. ಮುತ್ಯಾನ ಕಾಲದಿಂದ ಬಂದದ್ದು, ಹೊಸಾದೇನಲ್ಲ. ಆದರ ಅದು ಕತ್ತಲದಾಗ ಆಗಬೇಕು, ಮುತ್ತೈದೇರು ಆಕಿ ಮುಖ ನೋಡಬಾರದು, ಬೆಳಕು ಹರಿಯೂದ್ರಾಗ ಆಕಿ ಊರು ದಾಟಬೇಕು. ಹೆಂಗೈತಿ ನೋಡ್ರಿ ದೊಡ್ಡಸ್ತನ! ಲಗ್ನಾನೂ ಮಾಡೂದು, ಮುಖಕ್ಕ ಮಸೀನೂ ಬಳಿಯೂದು.

"ಕತ್ತಲದಾಗ ಆಗಾಕ ನಾ ಏನು ಕಳುವು ಮಾಡಾಕತ್ತೇನೇನು?" ಅಂದ್ಲು ರಾಜೇಶ್ವರಿ. "ಬೆಕ್ಕು ಕಣ್ಣ ಮುಚ್ಚಿ ಹಾಲು ಕುಡದ್ರ ಊರಿಗೆ ಗೊತ್ತಾಗೂದಿಲ್ಲೇನು? ನನ್ನ ಲಗ್ನ ಬಿಸಲಾಗ ಆಗತೈತಿ."

"ಗಾಂಧಿ ಚೌಕದಾಗ ನಾ ಮುಖ ಎತ್ತಿ ಹೆಂಗ ತಿರಗ್ಯಾಡಲಿ?"

"ಹಂಗಾರ ಮುಖ ಇಳಿಸಿ ತಿರಗ್ಯಾಡು. ಅಲ್ಲಿ ತೆಗ್ಗು ಭಾಳ ಅದಾವ, ನೋಡಿ ನಡದಂಗಾಗತೈತಿ."

ಫೋನ್ ಇಟ್ಟ ಮ್ಯಾಲ ಆಕಿಗೆ ಅಳು ಬಂತು. ಲಗ್ನದ ಚಿಂತಿ ಅಲ್ಲ ಅದು; ಲಗ್ನ ಅಣ್ಣನ ಕೈಯಾಗ ಇರಲಿಲ್ಲ, ಆಗೂದಾ. ಹೊಟ್ಟಿ ಉರದದ್ದು ಬ್ಯಾರೆ ಮಾತಿಗೆ. ಗಂಡನ ಕಡೆಯವರು ಎಂದೋ ದೂರಾಗಿದ್ರು. ಅಪ್ಪ-ಅವ್ವ ಇಲ್ಲದ ಮ್ಯಾಲ ತವರುಮನಿ ಅಂತ ಉಳದಿದ್ದು ಆ ಬ್ಲಾಗಿನಾಗಿನ ಒಂದು ಬುಧವಾರ. ಅಲ್ಲೂ ತನ್ನ ಮಾತು ಒರಸಿ ಒಗದ್ರ ತಾನು ಆ ಮನಿ ಮಗಳು ಹೌದೋ ಅಲ್ಲೋ? ಸೆರಗಿಲೆ ಮುಖ ಒರಸಿಕೊಂಡು ಆಕಿ ಗಿರಣಿ ಚಾಲೂ ಮಾಡಿದ್ಲು.

ಶುಕ್ರವಾರ ಸಿದ್ದಲಿಂಗೇಶ ಫೋನ್ ಹಚ್ಚಿ ಪಿಸುಪಿಸು ಅಂದ. "ಅಕ್ಕಾ, ಇವತ್ತ ನನ್ನ ಪಾಳಿ, ನೀ ತಗೋ. ಆದರ ಅಣ್ಣಗ ನನ್ನ ಹೆಸರು ಮಾತ್ರ ಹೇಳಬ್ಯಾಡ."

"ಶುಕ್ರವಾರ ಯಾರ ಪಾಳಿ ಅಂತ ಅಣ್ಣಗ ಗೊತ್ತಿಲ್ಲೇನೋ ಶಾಣ್ಯಾ? ನಿನ್ನ ಎಮ್ಮಿ ಸುದ್ದಿ ನೀ ಬರಿ. ನಾ ಬಿಸಲಾಗ ಅಂದ್ರ, ನೀ ಕದ್ದು ಅಂತೀಯೇನು?"

ಅದಾ ದಿನ ಶೈಲಶ್ರೀ, "ಅಕ್ಕಾ, ಬ್ಯಾರೆ ಬ್ಲಾಗ್ ತಗದು ಕೊಡ್ತೀನಿ, ಕೀಲಿ ನಿನ್ನ ಕೈಯಾಗ," ಅಂದ್ಲು.

"ಬ್ಯಾರೆ ಬಾವಿ ನನಗ್ಯಾಕಬೇ? ಈ ಬಾವ್ಯಾಗ ನನ್ನ ಪಾಳಿ ನನಗ ಬೇಕು," ಅಂದ್ಲು ರಾಜೇಶ್ವರಿ.

ಶನಿವಾರ ಗಿರಣಿಗೆ ಕೀಲಿ ಹಾಕಿ, ಚಂದಂದು ಒಂದು ಇಳಕಲ್ ಸೀರಿ ಉಟ್ಟು ಬಸ್ ಹತ್ತಿದ್ಲು. ಗಾಂಧಿ ಚೌಕದ ಗದ್ದಲದಾಗ ಆಟೋದವರ ಮ್ಯಾಲ ಒದರಿಕೋತ ದಾರಿ ಮಾಡ್ಕೊಂಡು ಅಂಗಡಿ ಮುಟ್ಟಿದ್ಲು. ಅರುಣಕುಮಾರ ಆಕಿನ್ನ ನೋಡಿದವನಾ ಚಾ ತರಿಸಿದ. ಮುಂದ ತಿಕೋಟಾದ ದಾವಲಸಾಬ ಕುಂತಿದ್ದ, ಹಳೇ ಗಿರಾಕಿ, ದ್ರಾಕ್ಷಿ ತೋಟಕ್ಕ ಪೈಪ್ ಒಯ್ಯಾಕ ಬಂದವ. ಒಂದು ಕಪ್ಪು ಅವಗೂ ಬಂತು. ರಾಜೇಶ್ವರಿ ಕುಂದರಲೂ ಇಲ್ಲ, ಚಾ ಮುಟ್ಟಲೂ ಇಲ್ಲ.

"ಚಾಚಾ, ನೀವು ಒಕ್ಕಲತನದವರು. ಒಂದು ನ್ಯಾಯ ಹೇಳ್ರಿ," ಅಂದ್ಲು.

"ಕೇಳವಾ."

"ಒಂದು ಬಾವಿ, ನಾಕು ಮಂದಿ ಪಾಳಿ. ನನ್ನ ಪಾಳ್ಯಾಗ ಒಬ್ಬ ಬಂದು ನನ್ನ ನೀರು ಬಂದ್ ಮಾಡ್ಯಾನ. ಏನು ಮಾಡೂದು?"

ಮುದುಕಗ ಸಿಟ್ಟು ನೆತ್ತಿಗೇರಿತು. "ಯಾವ ಅವ? ಪಾಳ್ಯಾಗ ಕೈ ಹಾಕಿದವನ ಪಾಳಿ ಕಸಗೋಬೇಕು! ನಮ್ಮೂರಾಗ ಅಂಥವನ ಮನ್ಯಾಗ ಚಾ ಸುದ್ದಾ ಕುಡಿಯೂದಿಲ್ಲ," ಅಂತ ಕೈಯಾಗಿನ ಚಾ ಕುಡದ. "ಸಾವಕಾರ್ರ, ನೀವಾ ಹೇಳ್ರಿ, ಹೌದೋ ಅಲ್ಲೋ?"

ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಅರುಣಕುಮಾರ, "ಅದು ಬ್ಯಾರೆ, ಇದು ಬ್ಯಾರೆ," ಅಂದ್ಬಿಟ್ಟ. ದಾವಲಸಾಬ ಒಮ್ಮೆ ಆಕಿ ಮುಖ ನೋಡಿದ, ಒಮ್ಮೆ ಅವನ ಮುಖ ನೋಡಿದ, ಕಪ್ಪು ಸಾವಕಾಶ ಕೆಳಗಿಟ್ಟ.

ರಾಜೇಶ್ವರಿ ಫೋನ್ ತಗದು ಅಣ್ಣನ ಮೊದಲನೇ ಬರಹ ಓದಾಕತ್ತಿದ್ಲು. ಸಲಿಕಿ, ಕಾಕಾನ ಹೊಲ, ಬಾಡಿದ ಉಳ್ಳಾಗಡ್ಡಿ, ಅಪ್ಪನ ಮಾತು. ಅಂಗಡಿ ಆಳುಗಳು ಕೆಲಸ ಬಿಟ್ಟು ನಿಂತು ಕೇಳಿದ್ರು. 'ಈ ಬಾವಿಗೂ ಅಪ್ಪನ ಕಾನೂನಾ' ಅನ್ನೂತನಕ ಓದಿ ಫೋನ್ ಇಳಿಸಿದ್ಲು.

"ನಾ ನಿನಗಿಂತ ದೊಡ್ಡವ, ರಾಜಿ," ಅಂದ ಅರುಣಕುಮಾರ.

"ದೊಡ್ಡವ ಅಂತ ಕೀಲಿ ಕೊಟ್ಟಿದ್ವಿ, ಬಾವಿ ಬರದು ಕೊಟ್ಟಿದ್ದಿಲ್ಲ. ಇಲ್ಲಿ ಕೇಳು. ಸೋಮವಾರ ನಿನ್ನ ಪಾಳಿ. ಅದು ಈಗ ನಂದು. ಅವತ್ತ ನಾ ಬರೀತೀನಿ. ಅಳಸೂದಿದ್ರ ಅಳಸು, ಆದರ ಮೊದಲ ಈ ಉಳ್ಳಾಗಡ್ಡಿ ಕತಿ ಅಳಸು. ಅಪ್ಪನ ಮಾತು ಮ್ಯಾಲ ಇಟಗೊಂಡು ನನ್ನ ಮಾತು ಒರಸ್ತೀನಿ ಅಂದ್ರ ನಾ ಕೇಳಾಕಿ ಅಲ್ಲ."

ಅವ ಒಂದು ಪೈಪಿನ ತುದಿ ಹಿಡಕೊಂಡು ತಿರಿವಿಕೋತ ನಿಂತ. ಆಕಿ ಬಂದ ದಾರಿ ಹಿಡದ್ಲು.

ಸೋಮವಾರ ಬಂತು. ಆಕಿಗೆ ಅಂಜಿಕಿ ಇರಲಿಲ್ಲ ಅಂದ್ರ ಸುಳ್ಳಾದೀತು. ಹೆಣ್ಣಮಕ್ಕಳಿಗೆ "ತಡೀರೆವಾ" ಅಂದು, ಗಿರಣಿ ಬಂದ್ ಮಾಡಿ, ಬುಧವಾರ ಹೇಳಿದ್ದನ್ನಾ ಮತ್ತ ಗಟ್ಟಿಯಾಗಿ ಎಲ್ಲಾರ ಮುಂದ ಹೇಳಿದ್ಲು. ಕಡೀಕ ಒಂದು ಮಾತು ಕೂಡಿಸಿದ್ಲು: "ಮುತ್ತೈದೇರು ಮೊದಲ ಬರ್ರಿ, ನನ್ನ ಮುಖ ನೋಡ್ರಿ." ಸಾಲಿನಾಗಿದ್ದ ಹಾಜಿರಾಬಿ ಡಬ್ಬಿ ಬಡದು, "ನಾ ಬರ್ತೀನ್ ನೋಡಬೇ!" ಅಂದ್ಲು. ಎಲ್ಲಾರೂ ಹೋ ಅಂತ ನಕ್ರು. ರಾಜೇಶ್ವರಿನೂ ನಕ್ಕು ಬರಹ ಕಳಿಸಿದ್ಲು.

ಅವತ್ತ ಆಕಿ ಜೋಳ ಬೀಸೂ ಹೊತ್ತಿನಾಗೂ ಲಕ್ಷ್ಯ ಫೋನಿನ ಕಡೆ. ಒಂದು ಡಬ್ಬಿ ಬೀಸಿ ತಗದು ನೋಡೂದು, ಐತಿ. ಇನ್ನೊಂದು ಬೀಸಿ ನೋಡೂದು, ಐತಿ. ಉಳ್ಳಾಗಡ್ಡಿ ಕತೀನೂ ಐತಿ. ಸಿದ್ದಲಿಂಗೇಶ ಅಂಜಿಕೋತ ಕೆಳಗ 'ನಾವು ಎಲ್ಲಾರೂ ಬರ್ತೀವಿ ಅಕ್ಕಾ' ಅಂತ ಹಾಕಿದ್ದ, ಅದೂ ತನ್ನ ಹೆಸರಲೇ. ಶೈಲಶ್ರೀ 'ಹೋಳಿಗಿ ನಂದು' ಅಂತ ಹಾಕಿದ್ಲು. ಅಣ್ಣಂದೇನೂ ಇಲ್ಲ.

ಸಂಜಿಕ್ಕ ಬಂತು.

'ಪಾಳಿ ಮುರದಿದ್ದೆ. ಇವತ್ತಿಂದು ನಿಂದು. ಅಳಸೂದಿಲ್ಲ. ಲಗ್ನಕ್ಕ ಮಾತ್ರ ನಾ ಬರೂದಿಲ್ಲ.'

ರಾಜೇಶ್ವರಿ ಅದನ್ನ ನಿಂತಾ ಓದಿದ್ಲು. ಕಣ್ಣಾಗ ನೀರು ಬಂತು, ಸಿಟ್ಟೂ ಬಂತು, ಎರಡೂ ಕೂಡೇ ಬಂದ್ವು. ಈ ಸಲ ಫೋನಿಗೆ ಹೇಳಲಿಲ್ಲ. ಹಿಟ್ಟು ಹತ್ತಿದ ಬೆರಳಿಲೆ ಒಂದೊಂದಾ ಅಕ್ಷರ ಒತ್ತಿ ಬರದ್ಲು.

'ಬರೂದು ಬಿಡೂದು ನಿನ್ನ ಪಾಳಿ, ಅಣ್ಣಾ. ಅದರಾಗ ನಾ ಕೈ ಹಾಕೂದಿಲ್ಲ. ಊಟ ಮಧ್ಯಾಹ್ನಕ್ಕ, ಬಿಸಲಾಗ.'

ಫೋನ್ ಗೂಟಕ್ಕ ತೂಗು ಹಾಕಿದ್ದ ಚೀಲದಾಗ ಇಟ್ಟು, ಮುಂದಿನಾಕಿ ಡಬ್ಬಿ ಇಸಗೊಂಡು ಗಿರಣಿ ಚಾಲೂ ಮಾಡಿದ್ಲು.