ಹಾಳೆಯಲ್ಲಿಲ್ಲದ ಹಳ್ಳ

ಹನುಮಕ್ಕ, ಅಂದು ನಾನು ನಿನಗೆ ಓದಿ ಹೇಳಿದ ಹಳ್ಳದ ಮಾತು ಆ ಹಾಳೆಯಲ್ಲಿ ಇರಲೇ ಇಲ್ಲ. ಬೇರೇನೋ ಬರೆದಿದ್ದ ಸಾಲುಗಳ ಮೇಲೆ ಬೆರಳಾಡಿಸುತ್ತ ಬಾಯಿಂದ ಕಟ್ಟಿ ಹೇಳಿದೆ. ನೀನು ನಂಬಿ ಹೆಬ್ಬೆಟ್ಟು ಒತ್ತಿದೆ.

ಏರ್‌ಪೋರ್ಟಿನ ರನ್‌ವೇ ಉದ್ದ ಮಾಡುತ್ತೇವೆ, ಆಕ್ಷೇಪಣೆ ಇದ್ದರೆ ತಿಳಿಸಿ ಎಂದಾಗ ಊರು ಬಂದದ್ದು ನನ್ನ ಬಾಗಿಲಿಗೆ. ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷ್ ಟೀಚರ್ ಆಗಿದ್ದವಳು — ಡ್ರಾಫ್ಟ್ ಮಾಡಲು ಇನ್ನಾರಿದ್ದರು? ನಾಯ್ಸ್ ಪೊಲ್ಯೂಷನ್ ಬಗ್ಗೆ ಎರಡು ಪುಟ ಬರೆದು ಸಭೆಯಲ್ಲಿ ಓದಿದೆ. ಎಷ್ಟು ಚೆಂದದ ಸೆಂಟೆನ್ಸುಗಳು ಅಂತೀ... ಮುಂದೆ ಕೂತವರು ಆಕಳಿಸಿದರು.

ಆಮೇಲೆ ನೀನು ಎದ್ದೆ. ಕುರಿ ಕಾಯುವ ಕೋಲಿನಿಂದ ನೆಲದ ಮೇಲೆ ಗೀರಿ ತೋರಿಸಿದೆ — ಗುಡೇಕೋಟೆಯ ಗುಡ್ಡ ಇಲ್ಲಿ, ನಮ್ಮ ಕೆರೆ ಇಲ್ಲಿ, ನಡುವೆ ಹಳ್ಳ, ಸರಿಯಾಗಿ ಹೊಸ ರನ್‌ವೇ ಬರುವ ಜಾಗದಲ್ಲಿ. ಅದು ಒಣಗಿಹೋಗಿದೆಯಲ್ಲ ಎಂದರು ಸಭೆ ನಡೆಸಲು ಬಂದಿದ್ದ ಆಫೀಸರ್.

"ಮಲಗೈತ್ರಿ, ಸತ್ತಿಲ್ಲ. ಅದರ ದಾರಿಗೆ ಅಡ್ಡ ಕಟ್ಟಿದ್ರ ನಮ್ಮ ಕೆರಿಗೆ ನೀರಿಲ್ಲ, ನೀವು ವಿಮಾನ ಬಿಟ್ಟು ದೋಣಿ ಇಳಿಸಬೇಕಾಗತೈತಿ."

ಸಭೆ ನಕ್ಕಿತು. ಆಫೀಸರೂ ನಕ್ಕು, ಎದ್ದು ತಮ್ಮ ಕುರ್ಚಿಯನ್ನು ನಿನಗೆ ಕೊಟ್ಟರು. ಇದನ್ನು ಬರೆದು ಕೊಡಬೇಕು, ಬರಿಯ ಮಾತು ಲೆಕ್ಕಕ್ಕೆ ಬರುವುದಿಲ್ಲ ಎಂದರು — ನನ್ನ ಕಡೆ ನೋಡಲೂ ಇಲ್ಲ.

ಆ ಕುರ್ಚಿ, ಹನುಮಕ್ಕ. ನಲವತ್ತು ವರ್ಷ ಪಾಠ ಹೇಳಿದ ನನಗೆ ಯಾರೂ ಹಾಗೆ ಎದ್ದು ಕೊಟ್ಟಿರಲಿಲ್ಲ. ಜೆಲಸ್ ಆದೆ. ಇಂಗ್ಲಿಷಿನಲ್ಲಿ ಹೇಳಿದರೆ ಸಣ್ಣದಾಗಿ ಕಾಣುತ್ತದೆ, ಅದಕ್ಕೇ — ಅಲ್ಲ, ಹೊಟ್ಟೆಕಿಚ್ಚು. ಹೊಟ್ಟೆಕಿಚ್ಚೇ.

ನಿನಗೆ ಬರೆಯಲು ಬಾರದು, ನಿನ್ನ ಅರ್ಜಿಯೂ ನನ್ನ ಕೈಗೇ ಬಂತು. ಅದರಲ್ಲೂ ನನ್ನ ನಾಯ್ಸನ್ನೇ ಬರೆದೆ. ಮರುದಿನ ನೀನು ಬಂದು, ಹಳ್ಳದ್ದು ಬರೆದೀರಾ ಎಂದು ಕೇಳಿದೆ. ನಾನು 'ಓದಿದೆ'.

"ನಿಮ್ಮ ಬಾಯಾಗ ಬಂದ್ರ ನನ್ನ ಮಾತಿಗೂ ಒಂದು ಬೆಲಿ ಬರತೈತಿ ನೋಡ್ರಿ ಅಕ್ಕಾರ" — ಇದು ನೀನು ಅಂದದ್ದು. ಆಗಲಾದರೂ ಹಾಳೆ ಹರಿಯಬಹುದಿತ್ತು. ಇಂಕ್ ಪ್ಯಾಡ್ ಮುಂದಿಟ್ಟೆ.

ಉತ್ತರ ಬಂತು. ಶಬ್ದ ತಡೆಯಲು ಗೋಡೆ ಕಟ್ಟುತ್ತೇವೆ. ಹಳ್ಳದ ಬಗ್ಗೆ ಲಿಖಿತ ಆಕ್ಷೇಪಣೆ ಯಾರಿಂದಲೂ ಬಂದಿಲ್ಲ. ಅದನ್ನೂ ನಿನಗೆ ಸುಳ್ಳಾಗಿ ಓದಿದೆ — ನಿನ್ನ ಮಾತು ಒಪ್ಪಲಿಲ್ಲವಂತೆ ಎಂದು. ನೀನು, "ನನಗ ಸರಿಯಾಗಿ ಹೇಳಾಕ ಬರಲಿಲ್ಲೇನೋ" ಎಂದೆ.

ರನ್‌ವೇ ಕಟ್ಟಿ ಮುಗಿಸಿದರು. ಈ ಸಲ ಗುಡ್ಡಕ್ಕೆ ಒಳ್ಳೆಯ ಮಳೆ. ಹಳ್ಳ ಬಂದು ರನ್‌ವೇ ಒಡ್ಡಿಗೆ ಬಡಿದು, ಎತ್ತಲೋ ತಿರುಗಿತು. ಕೆರೆಗೆ ಹನಿ ನೀರಿಲ್ಲ. ನೀನು ಈ ವಯಸ್ಸಿನಲ್ಲಿ ನೀರು ಹುಡುಕಿ ಕುರಿ ಹೊಡೆದುಕೊಂಡು ಹೋಗುವುದನ್ನು ದಿನಾ ಕಿಟಕಿಯಿಂದ ನೋಡುತ್ತೇನೆ.

ಈ ಪತ್ರವನ್ನು ಕನ್ನಡದಲ್ಲೇ ಬರೆದಿದ್ದೇನೆ. ನಾನು ಓದಿ ಹೇಳುವುದಿಲ್ಲ — ನನ್ನ ಓದನ್ನು ಇನ್ನು ನಂಬಬೇಡ. ನಿನ್ನ ಸೊಸೆಯಿಂದ ಓದಿಸು. ಅವಳು ಮುಗಿಸುವವರೆಗೆ ನಿನ್ನ ಅಂಗಳದಲ್ಲಿ ನಿಂತಿರುತ್ತೇನೆ.

ಕುರ್ಚಿ ತರಿಸಬೇಡ.